ಮೌನೇಶಿ ಸಂಜೀ ಕ್ಲಾಸಿಗೆ ಹೋಗಿದ್ದು

ನೇಕಾರ ಓಣಿಯ ಸಾಂತವ್ವಗ ಒಬ್ಬನಽ ಮಗ, ಮೌನೇಶಿ. ಹೇಳಿದ್ದನ್ನ ಹೇಳಿದಂಗ ಮಾಡಾವ. ಅದಽ ತ್ರಾಸು ನೋಡ್ರಿ! ಮ್ಯಾಲ ಎಲ್ಲಾದಕ್ಕೂ ಕುತೂಹಲ. ಸಾಲಿ ಬಿಟ್ಟು ಬಂದವನಽ, "ಯವ್ವಾ, ಈ ಎಳಿ ಎಲ್ಲಿಗೆ ಹೊಂಟೈತಿ?" ಅಂತ ಮಗ್ಗದ ನೂಲು ಜಗ್ಗಾವ. ಸೀರಿ ಹಾಳು!

"ಎದ್ದು ನಡಿ!" ಅಂದ್ಲು ಸಾಂತವ್ವ. "ನೇಕಾರರ ಸಂಘದ ಹಾಲ್‌ನ್ಯಾಗ ಪರವೀನ್ ಟೀಚರ್ ಸಂಜೀ ಕ್ಲಾಸ್ ನಡಸ್ತಾಳ. ಅಲ್ಲೇ ಏನರ ಕಲಿ!"

ಹೋದ. ಮಣ್ಣಿನ ಎತ್ತು ಮಾಡಿದ. "ಮನೀಗೆ ಒಯ್ಯಿ, ಚಲೋತ್ನಾಗ ನೋಡಿಕೋ" ಅಂದ್ಲು ಟೀಚರ್. ಮೌನೇಶಿ ಎತ್ತನ್ನ ಅಂಗಳದಾಗಿಟ್ಟು ನೋಡಿಕೋತ ಕುಂತ. ಕೋಳಿ ಬಂತು, ತುಳೀತು. ಸಾಂತವ್ವ ಹೊರಗ ಬಂದ್ಲು.

"ಸುಮ್ನ ಕುಂತಿದ್ದೇನೋ?"

"ಇಲ್ಲಬೇ! ಕೋಳಿ ತುಳಿಯೂದನ್ನೂ ನೋಡಿದೆ."

"ಅಯ್ಯ ಪೆದ್ದ! ಮಾಳಿಗಿ ಮ್ಯಾಲ ಬಿಸಲಾಗಿಟ್ಟು ಒಣಗಸಬೇಕಿತ್ತು!"

"ಇನ್ನ ಹಂಗಽ ಮಾಡ್ತೀನಿ."

ಮರುದಿನ ಟೀಚರ್ ಚೆಂಡುಹೂವಿನ ಸಸಿ ಕೊಟ್ಲು. ಮೌನೇಶಿ ಮಾಳಿಗಿ ಮ್ಯಾಲ ಬಿಸಲಾಗಿಟ್ಟ. ಸಸಿ ಹಪ್ಪಳಾತು.

"ಅಯ್ಯ ಪೆದ್ದ! ನೀರಾಗ ಇಡಬೇಕಿತ್ತು!"

"ಇನ್ನ ಹಂಗಽ ಮಾಡ್ತೀನಿ."

ಅದರ ಮರುದಿನ ಹಾಡಿನ ಕ್ಲಾಸು. ಟೀಚರ್ ತಬಲಾ ಕೊಟ್ಟು ಅತ್ತ ತಿರುಗಿದ್ಲೋ ಇಲ್ಲೋ, ತಬಲಾ ಬಕೀಟಿನ್ಯಾಗ! ಗುಳುಗುಳು ಅಂತು.

"ಮೌನೇಶೀ! ಅದು ಸುಮ್ನ ಕುಂತಿದ್ರ ತಟ್ಟಬೇಕೋ! ತಟ್ಟಿದ್ರ ಮಾತಾಡ್ತೈತಿ!"

"ಹೌದ್ರೀ? ಇನ್ನ ಹಂಗಽ ಮಾಡ್ತೀನ್ರಿ."

ಮುಂದಿನ ವಾರ ಭಾಷಣದ ಕ್ಲಾಸು. ಕಸ್ತೂರಿ ಅನ್ನೂ ಹುಡುಗಿ ಎದ್ದು ನಿಂತ್ಲು. ಬಾಯಿ ಬಿಡವಲ್ಲಳು. ಮೌನೇಶಿ ಹಿಂದ ಹೋಗಿ ಬೆನ್ನಿಗೆ ಧಿನ್ ಅಂತ ಒಂದು ತಟ್ಟಿದ.

"ಅಯ್ಯಯ್ಯವ್ವಾ!"

"ಟೀಚರ್, ಮಾತಾಡಿದ್ಲ್ರೀ!"

ಟೀಚರ್ ಅವನ ಕೈ ಹಿಡಕೊಂಡು ಸಾಂತವ್ವನ ಮನೀಗೇ ಬಂದ್ಲು. "ನಾಳೆ ಸಂಘದ ಅಧ್ಯಕ್ಷರು ಬರ್ತಾರಕ್ಕಾ. ಹಾಲ್ ನಮಗ ಬಿಡಬೇಕೋ ಬ್ಯಾಡೋ ಅಂತ ನೋಡಾಕ. ಏನರ ಹೆಚ್ಚುಕಮ್ಮಿ ಆದ್ರ ಕ್ಲಾಸಽ ಬಂದ್!"

ಕ್ಲಾಸ್ ಬಂದ್ ಆದ್ರ, ಮತ್ತ ಮಗ್ಗದ ಮುಂದ ಈ ಹುಡುಗ! ಸಾಂತವ್ವ ಮಗನ ಗದ್ದ ಹಿಡಿದು ಹೇಳಿದ್ಲು: "ಕೇಳಪಾ ಮೌನೇಶಿ. ನಾಳೆ ಗಡ್ಡದ ಹಿರಿಯರು ಬರ್ತಾರ. ಬಾಗಿಲ ದಾಟಿದ ಕೂಡ್ಲೆ ಹಾರ ಹಾಕು. ಕುರ್ಚಿ ಮ್ಯಾಲ ಕುಂಡ್ರಿಸು. ಎದುರು ಮಾತಾಡಬ್ಯಾಡ. ಯಾರನ್ನೂ ತಟ್ಟಬ್ಯಾಡ!"

"ಹಂಗಽ ಮಾಡ್ತೀನಿ."

ಮರುದಿನ ಮೌನೇಶಿ ಹಾರ ಹಿಡಕೊಂಡು ಬಾಗಿಲದಾಗ ನಿಂತ. ಯಾರು ಬರ್ತಾರೋ, ಹೆಂಗಿರ್ತಾರೋ! ಬಂತು, ಗಡ್ಡದ ಹೋತ. ಬಾಗಿಲ ದಾಟ್ತು. ಹಾರ ಹಾಕಿದ. ಕುರ್ಚಿ ಮ್ಯಾಲ ಎತ್ತಿ ಕುಂಡ್ರಿಸಿ ಕೈ ಮುಗಿದ.

ಹಿಂದಿಂದಽ ಅಧ್ಯಕ್ಷರು, ಟೀಚರ್. ನೋಡ್ತಾರ, ಹೋತ ಹಾರ ಮೇಯಾಕತ್ತೈತಿ!

"ಯಾರೋ ಇದು?" ಅಂದ್ರು ಅಧ್ಯಕ್ಷರು.

"ಶ್ಶ್! ಹಿರಿಯರು ನಾಷ್ಟಾ ಮಾಡಾಕತ್ತಾರ್ರಿ. ನೀವು ತಡಾ ಮಾಡಿದ್ರಿ."

ಟೀಚರ್ ಕಣ್ಣಾಗ ನೀರು. ಅಧ್ಯಕ್ಷರು ಹೋತನ ಗಡ್ಡ ನೋಡಿದ್ರು, ತಮ್ಮ ಗಡ್ಡ ಸವರಿಕೊಂಡ್ರು. ಹೊಟ್ಟಿ ಹಿಡಕೊಂಡು ನಗಾಕ ಹತ್ತಿದ್ರು! "ಟೀಚರಮ್ಮಾ, ಹಾಲ್ ನಿಮ್ಮದಽ. ಇಂಥಾವ ಇಲ್ಲಿ ಕಲೀಲಿಲ್ಲಂದ್ರ ಇನ್ನೆಲ್ಲಿ ಕಲೀಬೇಕು? ಏ ಹುಡುಗಾ, ಹೋಗು, ಕುರ್ಚಿ ಮ್ಯಾಲಿನ ಈ ಅಧ್ಯಕ್ಷರನ್ನ ಮನೀಗೆ ಮುಟ್ಟಿಸಿ ಬಾ!"

ಮೌನೇಶಿ ಹೋತನ್ನ ಹಿಡಕೊಂಡು ಹೋಗಿ ಮುಟ್ಟಿಸಿದ. ಬ್ಯಾರೆ ಎಲ್ಲೂ ಅಲ್ಲ, ಅಧ್ಯಕ್ಷರ ಮನೀಗೇ! ಅವರ ಹೆಂಡತಿ ಬಾಗಿಲ ತಗದ್ಲು.

"ಅಕ್ಕಾರಽ, ನಿಮ್ಮ ಯಜಮಾನರನ್ನ ಕರಕೊಂಡು ಬಂದೀನ್ರಿ. ಹಾರ ತಿಂದ್ರೂ ಹಸಿವು ಹೋಗಿಲ್ಲ, ಜಲ್ದಿ ಬಡಸ್ರಿ!"