ಸರದಾರನ ಓಟ

ತೊಡೆಯ ಮೂಳೆಗೆ ಆಪರೇಷನ್ ಆದ ಮೇಲೆ, ಸರದಾರನೆಂಬ ಬೇಟೆನಾಯಿಗೆ ಹೊಲ ದಾಟುವಷ್ಟರಲ್ಲೇ ಏದುಸಿರು ಬರುತ್ತಿತ್ತು. ನಾಚಿಕೆಯಿಂದ ಅದು ಒಂಟಿಯಾಗಿಯೇ ಓಡುತ್ತಿತ್ತು.

ಪೊದೆಯಿಂದ ಮೊಲ ಇಣುಕಿತು. "ಸರದಾರರೇ, ನೀವು ಅಟ್ಟಿಸಿಕೊಂಡು ಬರದೆ ನನ್ನ ಕಾಲೂ ಜಡ್ಡುಗಟ್ಟಿದೆ. ಜೊತೆಗೆ ಓಡೋಣವೇ?"

"ನನ್ನ ಭಯವಿಲ್ಲವೇ ನಿನಗೆ?"

"ಈಗೇಕೆ ಭಯ? ಮೊದಲು ಬೇಲಿಯವರೆಗೆ ಬನ್ನಿ."

ಅಂದಿನಿಂದ ನಾಯಿ ದಣಿದು ಕುಸಿದಾಗಲೆಲ್ಲ ಮೊಲ ಹಿಂದಿರುಗಿ ಬಂದು, "ನಿನ್ನೆಗಿಂತ ದೂರ ಬಂದಿರಿ" ಎನ್ನುತ್ತಿತ್ತು. ಆ ಮಾತಿಗಾಗಿಯೇ ನಾಯಿ ಬೆಳಗಾಗುವುದನ್ನು ಕಾಯತೊಡಗಿತು.

ಒಂದು ಮುಂಜಾನೆ ಬೇಲಿ ದಾಟಿದರೂ ಅದಕ್ಕೆ ಸುಸ್ತಾಗಲಿಲ್ಲ. ಕಾಲು ಹಗುರಾಯಿತು, ಕಿವಿಯಲ್ಲಿ ಗಾಳಿ ಮೊರೆಯಿತು. ಮುಂದೆ ಓಡುತ್ತಿರುವುದು ಗೆಳೆಯನೆಂಬುದೇ ಮರೆತುಹೋಯಿತು. ಬಾಯಿಗೆ ರಕ್ತದ ರುಚಿ ಹತ್ತಿದಾಗಲೇ ಎಚ್ಚರವಾದದ್ದು. ಮೊಲವನ್ನು ಮೆಲ್ಲನೆ ನೆಲಕ್ಕಿಳಿಸಿ ಪಕ್ಕದಲ್ಲೇ ಮಲಗಿತು.

ಯಜಮಾನ ಓಡಿಬಂದು ಬೆನ್ನು ತಟ್ಟಿದ. "ಶಭಾಷ್! ಪೂರ್ತಿ ವಾಸಿಯಾದೆ."

ನಾಯಿ ತಲೆ ಎತ್ತಲಿಲ್ಲ.