ಇಬ್ಬನಿಯ ಹೊತ್ತಿನ ಕೈ

"ಗುರುಗಳೇ, ಯಾರನ್ನು ಹೊರಗೆ ಹಾಕಿದರೆ ಈ ಮಠ ಉಳಿದೀತು?"

ಕೇಳಿದವನು ಕಿರಿಯ ಶಿಷ್ಯ. ಮಠ ಒಡೆದು ಎರಡಾಗುವುದರಲ್ಲಿತ್ತು. ಅವನ ಜೊತೆಗಿದ್ದ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನೆಮ್ಮದಿಯಾಗಿದ್ದವನು ಅಡುಗೆಯ ಕಿವುಡನೊಬ್ಬನೇ.

"ನಾನೇನು ಸುಮ್ಮನೆ ಕೂತವನಲ್ಲ. ಬೆಳಗಾದರೆ ಹನ್ನೊಂದು ಬಾಗಿಲಿಗೂ ಹೋಗುತ್ತೇನೆ. ಯಾರು ಯಾರ ಬಗ್ಗೆ ಏನಂದರು ಎಂದು ತಿಳಿಸಿ, ತಿದ್ದಿಕೊಳ್ಳಿ ಅನ್ನುತ್ತೇನೆ. ಮಠಕ್ಕಾಗಿ ನನ್ನಷ್ಟು ದುಡಿದವನು ಇನ್ನೊಬ್ಬನಿದ್ದರೆ ತೋರಿಸಿ!"

ಗುರು ಹೇಳಿದರು:

ಒಬ್ಬ ರೈತನಿದ್ದ. ಅವನ ಅವರೆ ಅಂತಿಂಥ ಅವರೆಯಲ್ಲ. ಬೇಯುವಾಗ ಅದರ ಸೊಗಡು ಮೂರು ಬೀದಿ ದಾಟುತ್ತಿತ್ತು. ಆ ತಳಿ ಅವನ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಆ ವರ್ಷ ಇದ್ದ ಬೀಜವನ್ನೆಲ್ಲ ಬಿತ್ತಿದ್ದ. ಬೆಳೆ ಹೋದರೆ ತಳಿಯೇ ಹೋದಂತೆ.

ಇಬ್ಬನಿ ಬಿದ್ದಷ್ಟೂ ಅವರೆಗೆ ಸೊಗಡು ಏರುತ್ತದೆ. ಅದಕ್ಕೇ ಅವನು ದಿನಾ ಇಬ್ಬನಿ ಆರುವ ಮೊದಲೇ ಹೊಲಕ್ಕಿಳಿದು, ಇಬ್ಬನಿ ಚೆನ್ನಾಗಿ ಹತ್ತಲೆಂದು ಒಂದೊಂದು ಗಿಡದ ಮೈಯನ್ನೂ ಸವರಿ ಬರುತ್ತಿದ್ದ. ಒಂದು ಬೆಳಗ್ಗೆ ಕಾಯಿಯೊಂದರ ಮೇಲೆ ಕಪ್ಪು ಚುಕ್ಕೆ ಕಂಡಿತು. ಕಿತ್ತೆಸೆದು, ಅದೇ ಒದ್ದೆ ಕೈಯಲ್ಲಿ ಪಕ್ಕದ ಗಿಡವನ್ನು ಸವರಿದ. ವಾರದಲ್ಲಿ ಸಾಲಿಗೆ ಸಾಲೇ ಚುಕ್ಕೆ. ಅವನು ಇನ್ನೂ ಬೇಗ ಬಂದ, ಇನ್ನೂ ಹೆಚ್ಚು ಸವರಿದ.

ಪಕ್ಕದ ಹೊಲದ ಮುದುಕಿ ಬಿಸಿಲೇರಿದ ಮೇಲೆ ಬರುವವಳು. ಅವಳ ಅವರೆ ನಳನಳಿಸುತ್ತಿತ್ತು.

"ನಿದ್ದೆಬಡುಕರ ಹೊಲವೇ ಹಸಿರು. ದೇವರಿಗೆ ಕಣ್ಣಿಲ್ಲ ಬಿಡಜ್ಜಿ," ಎಂದು ಅವನು ಕುಟುಕಿದ.

"ದೇವರಿಗೆ ಇದೆಯಪ್ಪಾ, ನಿನಗಿಲ್ಲ. ಆ ಬಂಡೆ ಹತ್ತಿ ನಿನ್ನ ಹೊಲ ನೋಡು."

ಹತ್ತಿದ. ಹೊಲವೆಲ್ಲ ಕಂದಿ ಕಪ್ಪಾಗಿತ್ತು. ನಟ್ಟನಡುವೆ, ಹುತ್ತದ ಸುತ್ತ ಮಾತ್ರ, ಬಳೆ ಇಟ್ಟಂತೆ ಒಂದು ಹಸಿರು ಸುತ್ತು. ಇಪ್ಪತ್ತು ಗಿಡ ಹೂ ಕಾಯಿ ಹೊತ್ತು ನಿಂತಿದ್ದವು. ಅವನು ನಿಂತಲ್ಲೇ ಕೈ ಮುಗಿದ.

"ನಾಗಪ್ಪ ಕಾಪಾಡಿದ ಅಜ್ಜೀ!"

"ನಾಗಪ್ಪನಲ್ಲ, ನಿನ್ನ ಹೆದರಿಕೆ ಕಾಪಾಡಿತು. ಹಾವು ಕಚ್ಚೀತೆಂದು ಅಲ್ಲಿಗೆ ಮಾತ್ರ ನೀನು ಹೋಗಲಿಲ್ಲ. ಎಲೆ ಒದ್ದೆಯಿದ್ದಾಗ ಮುಟ್ಟಿದರೆ ರೋಗ ಕೈ ಹಿಡಿದುಕೊಂಡೇ ಬರುತ್ತೆ ಮಗಾ."

ರೈತ ತನ್ನ ಅಂಗೈ ನೋಡಿಕೊಂಡ. ಎಷ್ಟೋ ಹೊತ್ತು ನೋಡಿಕೊಂಡ.

ಬಿಸಿಲು ನೆತ್ತಿಗೇರಿ ಎಲೆ ಒಣಗಿದ ಮೇಲೆ ಇಳಿದು, ರೋಗದ ಗಿಡಗಳನ್ನು ಬೇರುಸಹಿತ ಕಿತ್ತು ಸುಟ್ಟ. ಹುತ್ತದ ಹತ್ತಿರ ಸುಳಿಯಲಿಲ್ಲ. ಕಾಯಿ ಬಲಿತು ಒಣಗುವವರೆಗೂ ಬದುವಿನ ಮೇಲೆ ಕೈ ಕಟ್ಟಿ ಕೂತ. ಅಷ್ಟು ಕಷ್ಟದ ಕೆಲಸ ಅವನು ಜನ್ಮದಲ್ಲಿ ಮಾಡಿರಲಿಲ್ಲ. ಮರುವರ್ಷ ಬಿತ್ತಿದ ಬೀಜ ಆ ಇಪ್ಪತ್ತು ಗಿಡದ್ದು.

ಶಿಷ್ಯನಿಗೆ ರೋಮಾಂಚನವಾಯಿತು. "ಎಂಥ ಮಾತು ಗುರುಗಳೇ! ನಮ್ಮಲ್ಲಿ ರೋಗದ ಗಿಡ ಯಾವುದೆಂದು ಹೇಳಿಬಿಡಿ. ಇವತ್ತೇ ಕೀಳುತ್ತೇನೆ."

ಗುರು ಅಡುಗೆಮನೆಯ ಕಡೆ ನೋಡಿ ಕೇಳಿದರು: "ಆ ಕಿವುಡನ ಬಾಗಿಲಿಗೆ ನೀನು ಎಂದಾದರೂ ಹೋಗಿದ್ದೀಯಾ?"