ಮೈನಾ ಕುಣಿಸಿದ ರಾಜ

ಮೈನಾಳಿಗೆ ಗೊಂಬೆಯಾಟ ಆಡಿಸುವ ಆಸೆ, ಆದರೆ ಗೊಂಬೆ ಮಾಡಲು ಬಾರದು. ಗೀಜಗಣ್ಣ ಹುಲ್ಲಿನಲ್ಲಿ ಹೆಣೆದಿಟ್ಟಿದ್ದ ರಾಜನನ್ನು ಬಾಡಿಗೆಗೆ ತಂದಳು.

"ಪ್ರತಿ ಆಟಕ್ಕೂ ಒಂದು ತೆನೆ ಕೊಡಬೇಕು," ಎಂದಿದ್ದ ಗೀಜಗಣ್ಣ.

ಮೊದಲ ಆಟಕ್ಕೆ ಕೊಟ್ಟಳು. ಆಮೇಲೆ ದುಬಾರಿ ಎನಿಸಿತು. ರಾಜನಿಗೆ ಬೇರೆ ಬಣ್ಣ ಬಳಿದು, ದೂರದ ತೋಪಿಗೆ ಹೋಗಿ, "ಇದು ನನ್ನದೇ ಕೈಕೆಲಸ," ಎಂದು ಕುಣಿಸಿದಳು. ಹಕ್ಕಿಗಳೆಲ್ಲ ಮೆಚ್ಚಿದವು. ಆಟ ಮುಗಿದಾಗ ಅವುಗಳ ನಡುವಿನಿಂದ ಗೀಜಗಣ್ಣ ಎದ್ದು ಬಂದ.

"ನನ್ನ ರಾಜ ಎಷ್ಟು ಚೆನ್ನಾಗಿ ಕುಣಿದ!"

ಮೈನಾ ತಲೆ ತಗ್ಗಿಸಿದಳು. "ತಪ್ಪಾಯ್ತಣ್ಣ. ಪ್ರತಿ ಸಲ ತೆನೆ ಕೊಡಲು ನನ್ನಿಂದ ಆಗಲಿಲ್ಲ."

"ಆಗದು ಎಂದಿದ್ದರೆ ಸುಮ್ಮನೆ ಕೊಡುತ್ತಿದ್ದೆನಲ್ಲ ತಂಗಿ. ಒಂದು ಮಾತು ಕೇಳಬಾರದಿತ್ತೇ?"

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಹಕ್ಕಿಗಳ ಕಡೆ ತಿರುಗಿ, "ರಾಜನನ್ನು ಮಾಡಿದವನು ಈ ಅಣ್ಣ, ನಾನಲ್ಲ," ಎಂದಳು. ಯಾರ ಮುಖವನ್ನೂ ನೋಡಲಾಗಲಿಲ್ಲ.